ಚಳಿಗೆ ಅಲ್ಲಿ ಏನಂತಾರೆ?

ಕಳೆದ ತಿಂಗಳು ಈ ಅಂಕಣದಲ್ಲಿ ಸ್ಲೊವಾಕಿಯಾದ ಚಳಿಗಾಲದ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳೆಲ್ಲ ಚಳಿಯ ಮೇಲೇ ಬಂದಿವೆ. ಹೊಸ ಓದುಗರಿಗೊಂದು ಮಾತು: ನಮ್ಮ ಯಜಮಾನರ ಕೆಲಸದಿಂದಾಗಿ ನಾವು ಕೆಲವು ವರ್ಷ ಕೊಶಿತ್ಸೆಯಲ್ಲಿದ್ದೆವು. ಅದು ಸ್ಲೊವಾಕಿಯಾದ ಎರಡನೇ ದೊಡ್ಡ ಊರು, ಪೂರ್ವದ ಕಡೆ ಇದೆ. ಈಗ ಮಲ್ಲೇಶ್ವರದ ಮನೆಯಲ್ಲಿ ಸಂಜೆ ಹೊತ್ತು ಅಲ್ಲಿನ ಸ್ಲೊವಾಕ್ ಭಾಷೆ ಕಲಿಸುತ್ತೇನೆ.

ಪ್ರಶ್ನೆ: ಮಗ ಜನವರಿಯಲ್ಲಿ ಸ್ಲೊವಾಕಿಯಾದ ನಿತ್ರಾ ಊರಿನ ಕಾರು ಕಾರ್ಖಾನೆಗೆ ಹೋಗುತ್ತಿದ್ದಾನೆ. ‘ಇಂಗ್ಲಿಷ್ ಬರುತ್ತಲ್ಲಮ್ಮ, ಸಾಕು’ ಅಂತಾನೆ. ಚಳಿ ಆಗುತ್ತಿದೆ ಅಂತ ಹೇಳೋಕಾದರೂ ಬರಬೇಡವೇ ಮೇಡಂ? ಇಂಗ್ಲಿಷಿನ ಕೋಲ್ಡ್‌ಗೆ ಅಲ್ಲಿ ಏನಂತಾರೆ?
— ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ನಿತ್ರಾ ಅಂದಮೇಲೆ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಯೇ ಇರಬೇಕು. 2018ರಲ್ಲಿ ಶುರುವಾದದ್ದು, ಒಡೆತನ ನಮ್ಮ ಟಾಟಾದವರದು. ಒಳಗೆ ಇಂಗ್ಲಿಷ್ ನಡೆಯಬಹುದು. ಗೇಟು ದಾಟಿ ಬಸ್ಸು ಹತ್ತಿದರೆ, ತರಕಾರಿ ಕೊಳ್ಳೋಕೆ ನಿಂತರೆ ಸ್ಲೊವಾಕ್ ಬೇಕೇ ಬೇಕು.

ನಿಮ್ಮ ಮಗನಿಗೆ ಒಂದು ಕಿವಿಮಾತು ಹೇಳಿ. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಸ್ಲೊವಾಕ್‌ಗೆ ಹೋಗಲಿ. ಇಂಗ್ಲಿಷಿನವರಿಗೆ ಹವೆಯೂ ಕೋಲ್ಡ್, ಕಾಫಿಯೂ ಕೋಲ್ಡ್, ಮೂಗು ಸೋರಿದರೆ ಅದೂ ಕೋಲ್ಡ್. ನಾವು ಹಾಗಲ್ಲ. ಮೈಗೆ ಆಗೋದು ಚಳಿ, ಕಾಫಿ ಆರಿದರೆ ತಣ್ಣಗೆ, ಮೂಗಿಗೆ ನೆಗಡಿ. ಸ್ಲೊವಾಕರೂ ಇವನ್ನೆಲ್ಲ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ.

ಮೈಗೆ ಆಗುವ ಚಳಿ ‘ಜಿಮಾ’. ಚಳಿಗಾಲಕ್ಕೂ ಅದೇ ಪದ. ಜೀಬ್ರಾದ ಜೀ ಥರ ಹೇಳಬೇಕು, ಜಿಲೇಬಿಯ ಜಿ ಅಲ್ಲ. ‘ಯೆ ಮಿ ಜಿಮಾ’ ಅಂದರೆ ನನಗೆ ಚಳಿ ಆಗ್ತಿದೆ. ಇದರಲ್ಲಿ ‘ಮಿ’ ಅಂದರೆ ‘ನನಗೆ’. ನಾವೂ ‘ನಾನು ಚಳಿ’ ಅನ್ನಲ್ಲ, ‘ನನಗೆ ಚಳಿ’ ಅಂತೀವಿ, ಅಲ್ವಾ? ‘ಐ ಆಮ್ ಕೋಲ್ಡ್’ ಅನ್ನೋದನ್ನು ಪದಕ್ಕೆ ಪದ ಜೋಡಿಸಿ ‘ಸೊಮ್ ಸ್ತುದ್ಯೆನೀ’ ಅಂದುಬಿಟ್ಟರೆ ಕೇಳಿದವರು ಕೈ ಮುಟ್ಟಿ ನೋಡಿಯಾರು. ಮೈ ತಣ್ಣಗಾಗಿದೆ ಅಂತಲೋ, ಇವನಿಗೆ ಮರುಕವೇ ಇಲ್ಲ ಅಂತಲೋ ಅರ್ಥವಾಗುತ್ತದೆ.

ಸ್ತುದ್ಯೆನೀ ಅನ್ನೋದು ಮುಟ್ಟಿದರೆ ತಣ್ಣಗಿರುವುದಕ್ಕೆ. ತಣ್ಣೀರು ‘ಸ್ತುದ್ಯೆನಾ ವೊದಾ’, ಆರಿದ ಕಾಫಿ ‘ಸ್ತುದ್ಯೆನಾ ಕಾವಾ’. ಹೋಟೆಲಿನ ಮೆನುವಿನಲ್ಲೂ ಈ ಪದ ಮೇಲ್ಗಡೆಯೇ ಸಿಗುತ್ತದೆ. ಊಟಕ್ಕೆ ಮುಂಚೆ ಬರುವ, ಬಿಸಿ ಮಾಡದ ತಿಂಡಿಗಳ ಪಟ್ಟಿ ಅದು. ನೀವು ಸಸ್ಯಾಹಾರಿಗಳಾದರೆ ಅಲ್ಲಿ ‘ಶುಂಕಾ’ ಅಂತ ಇದೆಯಾ ನೋಡಿಕೊಳ್ಳಲಿ. ಅದು ಹಂದಿ ಮಾಂಸ.

ಇಂಗ್ಲಿಷಿನ ಚಿಲ್ಲಿ (ಗೋಬಿ ಚಿಲ್ಲಿಯದಲ್ಲ, ಹವೆಯದು) ಅಂದರೆ ‘ಖ್ಲದ್ನೊ’. ನಮ್ಮ ಡಿಸೆಂಬರ್ ಬೆಳಗಿನ ಥಂಡಿಗೆ ಇಷ್ಟು ಸಾಕು. ನೀರು ಹೆಪ್ಪುಗಟ್ಟುವಷ್ಟು ಆದರೆ ‘ಮೃಜ್ನೆ’. ಇದನ್ನು ಬೇಕೆಂದೇ ಋಕಾರದಲ್ಲಿ ಬರೆದಿದ್ದೇನೆ. ಅಲ್ಲಿ ಸ್ವರವೇ ಇಲ್ಲ, ರ್ ಒಂದೇ ಸ್ವರದ ಕೆಲಸ ಮಾಡುತ್ತದೆ. ನಾವು ವರ್ಣಮಾಲೆಯಲ್ಲಿ ಋ ಅಂತ ಬರೆದು ಬಾಯಲ್ಲಿ ರು ಅಂತೀವಲ್ಲ, ಅವರು ಅದನ್ನು ನಿಜವಾಗಿಯೂ ಉಚ್ಚರಿಸುತ್ತಾರೆ. ಐಸ್‌ಕ್ರೀಮ್‌ಗೆ ‘ಜ್ಮೃಜ್ಲಿನಾ’. ನನ್ನ ಹತ್ತಿರ ಬರುವ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯೋದು ಇದನ್ನೇ. ಐಸ್‌ಕ್ರೀಮ್ ಆಸೆಗಲ್ಲ, ನಾಲಿಗೆ ತಿರುಗಿಸೋ ಮೋಜಿಗೆ.

ಕಾರಿನವನಾದ್ದರಿಂದ ಇನ್ನೆರಡು ಪದ. ಖ್ಲದ್ನೊ ಇದ್ದ ಮನೆಯಿಂದಲೇ ರೇಡಿಯೇಟರ್‌ಗೆ ‘ಖ್ಲದಿಚ್’, ಫ್ರಿಜ್‌ಗೆ ‘ಖ್ಲದ್ನಿಚ್ಕಾ’ ಬಂದಿವೆ.

ಇನ್ನು ಚಳಿ ಎಷ್ಟು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿತ್ರಾ ತಗ್ಗಿನ ಸೀಮೆ. ಜನವರಿಯಲ್ಲಿ ಸೊನ್ನೆಯ ಆಸುಪಾಸು ಇರುತ್ತದೆ, ಕೆಲವು ರಾತ್ರಿ ಅದಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತದೆ. ಯಾರಾದರೂ ಮೈನಸ್ 41 ಅಂತ ಹೆದರಿಸಿದರೆ, ಅದು 1929ರ ಫೆಬ್ರವರಿ 11ರಂದು ವೀಗ್ಲ್ಯಾಶ್ ಬಳಿ ಆದ ದಾಖಲೆ ಅನ್ನಿ. ನಮ್ಮ ಬೆಂಗಳೂರಿನ ದಾಖಲೆ 7.8 ಡಿಗ್ರಿ, 1884ರ ಜನವರಿ 13ರದು. ದಾಖಲೆ ದಿನಾ ಆಗೋದಲ್ಲ.

ಪ್ರಶ್ನೆ: ನೀವು ಕಳೆದ ಸಲ ಬರೆದ ಜಿಮಾಕ್ಕೂ ನಮ್ಮ ಹಿಮಕ್ಕೂ ನಂಟು ಇರಬಹುದೇ?
— ನಿವೃತ್ತ ಮೇಷ್ಟ್ರು, ಗಿರಿನಗರ

ಉತ್ತರ: ಇದೆ ಸಾರ್. ಸಂಸ್ಕೃತದ ಹಿಮ, ಸ್ಲೊವಾಕಿನ ಜಿಮಾ ಎರಡಕ್ಕೂ ಮೂಲ ಒಂದೇ. ಸಂಸ್ಕೃತದಲ್ಲಿ ಹ ಇರುವ ಕಡೆ ಅವರಲ್ಲಿ ಜೀಬ್ರಾದ ಜ ಬರೋದು ಇನ್ನೂ ಕೆಲವು ಪದಗಳಲ್ಲಿದೆ. ವಾಹನದ ‘ವಹ್’ ತೆಗೆದುಕೊಳ್ಳಿ, ಅಲ್ಲಿ ಸಾಗಿಸೋದಕ್ಕೆ ‘ವೊಜಿತ್’ ಅಂತಾರೆ. ಹ-ಜ ಬಿಟ್ಟು ಬೇರೆ ನಂಟೂ ಇದೆ: ಜೇನಿಗೆ ಅವರಲ್ಲಿ ‘ಮೆದ್’, ನಮಗೆ ಮಧು. ಹಾಗಂತ ಸ್ಲೊವಾಕ್ ಸಂಸ್ಕೃತದಿಂದ ಹುಟ್ಟಿತು ಅಂತ ವಾಟ್ಸ್ಯಾಪ್‌ನಲ್ಲಿ ಹರಿಬಿಡಬೇಡಿ. ಎರಡೂ ದಾಯಾದಿಗಳು, ಅಷ್ಟೇ. ನಮ್ಮ ಚಳಿ ಅಚ್ಚ ದ್ರಾವಿಡ ಪದ, ಈ ಸಂಸಾರಕ್ಕೆ ಸೇರಿದ್ದಲ್ಲ.

ಪ್ರಶ್ನೆ: ತಂಗಿ ಕೊಶಿತ್ಸೆಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ನೆಗಡಿ ಆದಾಗ ‘ಐ ಹ್ಯಾವ್ ಎ ಕೋಲ್ಡ್’ ಅನ್ನೋಕೆ ‘ಮಾಮ್ ಜಿಮು’ ಅಂದಳಂತೆ. ಔಷಧಿ ಅಂಗಡಿಯವಳು ನಕ್ಕಳಂತೆ. ಸರಿಯಾದ್ದು ಯಾವುದು?
— ಒಬ್ಬ ಅಣ್ಣ, ಕೆ.ಆರ್. ಪುರ

ಉತ್ತರ: ‘ಮಾಮ್ ನಾತ್ಖು’. ಮಾಮ್ ಅಂದರೆ ನನ್ನ ಹತ್ತಿರ ಇದೆ, ನಾತ್ಖಾ ಅಂದರೆ ಸೋರುವ ಮೂಗಿನ ನೆಗಡಿ. ಗಂಟಲು, ಕೆಮ್ಮು, ಮೈಕೈ ನೋವು ಎಲ್ಲ ಸೇರಿ ಶೀತ ಆಗಿದ್ದರೆ ಹುಡುಗಿಯಾದ್ದರಿಂದ ‘ಸೊಮ್ ಪ್ರೆಖ್ಲದ್ನುತಾ’ ಅನ್ನಬೇಕು. ಗಂಡಸಾದರೆ ‘ಪ್ರೆಖ್ಲದ್ನುತೀ’. ನಮ್ಮ ಚಳಿಜ್ವರದಲ್ಲಿ ನಡುಗ್ತೀವಲ್ಲ, ಆ ನಡುಕಕ್ಕೆ ‘ಜಿಮ್ನಿತ್ಸಾ’. ಅದಿದ್ದರೆ ಸುಮ್ನೆ ಔಷಧಿ ಅಂಗಡಿಯಲ್ಲಿ ನಿಲ್ಲದೆ ಡಾಕ್ಟರ ಹತ್ತಿರ ಹೋಗಲಿ. ‘ಮಾಮ್ ತ್ಯೆಪ್ಲೊತು’ ಅಂದರೆ ಮೈ ಬೆಚ್ಚಗಿದೆ ಅಂತ, ಪೂರ್ತಿ ಜ್ವರ ಬಂದರೆ ‘ಹೊರೂಚ್ಕಾ’. ಔಷಧಿ ಅಂಗಡಿಗೆ ‘ಲೆಕಾರೆನ್’ ಅಂತಾರೆ, ಹಸಿರು ಶಿಲುಬೆ ಹಾಕಿರುತ್ತಾರೆ. ಪ್ಯಾರಸಿಟಮಾಲ್ ಅಲ್ಲೂ ಪ್ಯಾರಸಿಟಮಾಲೇ.

ಇನ್ನೊಂದು ಪದ ಅವಳಿಗೆ ಇಷ್ಟರಲ್ಲೇ ಕಿವಿಗೆ ಬಿದ್ದಿರುತ್ತದೆ: ‘ಪ್ರಿಯೆವನ್’. ಎದುರುಬದುರು ಕಿಟಕಿ ತೆರೆದಾಗ ಮನೆಯೊಳಗೆ ನುಗ್ಗುವ ಗಾಳಿ ಅದು. ಅಲ್ಲಿನ ಅಜ್ಜಿಯಂದಿರ ಪ್ರಕಾರ ಎಲ್ಲ ಕಾಯಿಲೆಗೂ ಅದೇ ಕಾರಣ. ನಮ್ಮ ಓನರಮ್ಮ ಕೆಳಗಿನ ಮನೆಯಲ್ಲಿದ್ದರು. ಮೆಟ್ಟಿಲ ಮೇಲೆ ನಾನು ಕೆಮ್ಮಿದ್ದು ಕೇಳಿಸಿತೋ ಏನೋ, ಬಾಗಿಲು ತಟ್ಟಿ ಒಳಗೆ ಬಂದವರೇ ಮಾತಾಡುವ ಮೊದಲು ಅಡುಗೆಮನೆ ಕಿಟಕಿ ಹಾಕಿದರು. ಆಮೇಲೆ ಏಪ್ರನ್ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ತಿಳಿ ಹಳದಿಯ ಒಣಗಿದ ಹೂವು, ತೊಟ್ಟಿಗೆ ಅಂಟಿಕೊಂಡ ಉದ್ದನೆಯ ಎಲೆ. ಲಿಪಾ ಮರದ್ದು. ಕುದಿಯುವ ನೀರಿಗೆ ಹಾಕಿ, ತಟ್ಟೆ ಮುಚ್ಚಿ, ಸೋಸಿ, ಸ್ವಲ್ಪ ಆರಿದ ಮೇಲೆ ಜೇನು ಹಾಕಿ ಕೊಟ್ಟರು. ಅದಕ್ಕೂ ‘ಚಾಯ್’ ಅಂತಲೇ ಹೆಸರು. ಟೀ ಸೊಪ್ಪು ಒಂದೆಳೆಯೂ ಇರಲಿಲ್ಲ! ನಮ್ಮ ಮೆಣಸು-ಶುಂಠಿ ಕಷಾಯದ ಘಾಟು ಅದಕ್ಕಿಲ್ಲ, ಆದರೂ ಗಂಟಲಿಗೆ ಹಿತ. ಹೋಗುವಾಗ ಕಲ್ಲಿನ ಮೆಟ್ಟಿಲ ಮೇಲೆ ಕೂರಬೇಡ, ಶೀತ ಏರುತ್ತೆ ಅಂತ ಬೈದು ಹೋದರು. ಹೆಣ್ಣುಮಕ್ಕಳಿಗೆ ಈ ಬೈಗುಳ ಅಲ್ಲಿ ಮನೆಮನೆಯಲ್ಲಿದೆ. ನಿಮ್ಮ ತಂಗಿಗೂ ಯಾರಾದರೂ ಹೇಳಿದರೆ ಬೇಜಾರು ಮಾಡಿಕೊಳ್ಳದೆ ಎದ್ದು ನಿಲ್ಲಲಿ. ಮೆಡಿಕಲ್ ಪುಸ್ತಕ ತೆಗೆದು ವಾದ ಮಾಡಿ ಗೆಲ್ಲೋಕಾಗಲ್ಲ.

ಪ್ರಶ್ನೆ: ಕೋಲ್ಡ್ ಬ್ಲಡೆಡ್, ಕೋಲ್ಡ್ ಫೀಟ್, ಬ್ರೇಕ್ ದ ಐಸ್. ಇವಕ್ಕೆ ಸ್ಲೊವಾಕ್‌ನಲ್ಲಿ?
— ಪಿಯು ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಹಾವು, ಕಪ್ಪೆಯಂಥ ಶೀತರಕ್ತದ ಪ್ರಾಣಿಗಳಿಗೆ ‘ಸ್ತುದ್ಯೆನೊಕ್ರ್ವ್ನೇ’ ಅಂತಾರೆ. ಕೊಲೆ ಮಾಡಿಯೂ ಕೈ ನಡುಗದವನು ‘ಖ್ಲದ್ನೊಕ್ರ್ವ್ನೀ’. ನೋಡು, ಜೀವಶಾಸ್ತ್ರಕ್ಕೊಂದು, ಅಪರಾಧಕ್ಕೊಂದು! ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ. ಬ್ರೇಕ್ ದ ಐಸ್ ಅವರಲ್ಲೂ ಮಂಜುಗಡ್ಡೆ ಒಡೆಯೋದೇ. ಕೋಲ್ಡ್ ಫೀಟ್, ಅಂದರೆ ಕೊನೇ ಗಳಿಗೆಯ ಅಳುಕು, ಅದನ್ನು ಮಾತ್ರ ಹಾಗೇ ಎತ್ತಿಡಬೇಡ. ಕಾಲು ತಣ್ಣಗಾಗಿದೆ ಅಂದರೆ ಉಣ್ಣೆಯ ಸಾಕ್ಸ್ ತಂದುಕೊಡುತ್ತಾರೆ.

ಪ್ರಶ್ನೆ: ಫೆಬ್ರವರಿಯಲ್ಲಿ ಬ್ರಾಟಿಸ್ಲಾವಾಗೆ ಮಗಳ ಮನೆಗೆ ಹೋಗುತ್ತಿದ್ದೇವೆ. ಇವರು ಮಂಕಿ ಕ್ಯಾಪ್ ಬಿಡಲ್ಲ ಅಂತಾರೆ. ಅಲ್ಲಿ ನಗುತ್ತಾರಾ? ಇಲ್ಲಿಂದ ಏನೇನು ಕೊಂಡುಹೋಗಲಿ?
— ಹಿರಿಯ ಗೃಹಿಣಿ, ಜಯನಗರ

ಉತ್ತರ: ಯಾರೂ ನಗಲ್ಲ. ಅದಕ್ಕೆ ‘ಕುಕ್ಲಾ’ ಅಂತ ಹೆಸರೇ ಇದೆ, ಮಕ್ಕಳೂ ಸ್ಕೀ ಮಾಡುವವರೂ ಹಾಕುತ್ತಾರೆ. ಬ್ಯಾಂಕಿಗೆ ಹೋಗುವಾಗ ಮಾತ್ರ ಮುಖದಿಂದ ತೆಗೆಯಲಿ.

ದಪ್ಪನೆಯ ಒಂದೇ ಸ್ವೆಟರ್ ಕೊಳ್ಳಬೇಡಿ. ಅಲ್ಲಿ ಮನೆ, ಅಂಗಡಿ ಎಲ್ಲದರೊಳಗೂ ಹೀಟರ್ ಇರುತ್ತದೆ, ಒಳಗೆ ಹೋದ ಕೂಡಲೇ ಬೆವರು. ತೆಳುವಾದದ್ದು ಎರಡು-ಮೂರು ಇದ್ದರೆ ಒಂದೊಂದೇ ತೆಗೆಯಬಹುದು. ಒಳಗೆ ಹಾಕುವ ಥರ್ಮಲ್ ಇಲ್ಲೇ ಸಿಗುತ್ತದೆ. ದೊಡ್ಡ ಕೋಟು, ಬೂಟು ಅಲ್ಲೇ ಕೊಳ್ಳಿ, ಆ ಚಳಿಗೆಂದೇ ಮಾಡಿರುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡುವ ರೂಢಿ ಅವರದೂ ನಮ್ಮದೇ ಥರ. ಬಿಟ್ಟ ಮೇಲೆ ಮನೆಯವರು ಬಟ್ಟೆಯ ‘ಪಪುಚೆ’ ಕೊಡುತ್ತಾರೆ, ಹಾಕಿಕೊಳ್ಳಿ. ಬರಿಗಾಲಲ್ಲಿ ಓಡಾಡಿದರೆ ಅವರಿಗೇ ಚಳಿ ಆಗುತ್ತದೆ.

ಸ್ನೋ ಅಂದರೆ ‘ಸ್ನ್ಯೆಖ್’, ನೋಡೋಕೆ ಚೆಂದ, ಅದರಿಂದ ಜಾಸ್ತಿ ತೊಂದರೆ ಇಲ್ಲ. ನಿಮ್ಮ ವಯಸ್ಸಿಗೆ ಎಚ್ಚರ ಬೇಕಾದದ್ದು ‘ಪೊಲ್ಯದೊವಿತ್ಸಾ’ಕ್ಕೆ. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಐಸ್. ತುಂತುರು ಮಳೆ ನೆಲಕ್ಕೆ ಬಿದ್ದ ಕೂಡಲೇ ಗಾಜಿನ ಪದರ ಆಗುತ್ತದೆ, ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಬೆಳಗಿನ ವಾರ್ತೆಯಲ್ಲಿ ಈ ಪದ ಕೇಳಿದರೆ ಅಂದು ವಾಕಿಂಗ್ ಬೇಡ. ಹೋಗಲೇಬೇಕಾದರೆ ಹೆಜ್ಜೆ ಚಿಕ್ಕದಿರಲಿ, ಪಾದ ಚಪ್ಪಟೆ ಊರಿ ನಡೆಯಿರಿ. ಕೈ ಜೇಬಿನಲ್ಲಿ ಬೇಡ, ಜಾರಿದರೆ ಹಿಡಿದುಕೊಳ್ಳೋಕೆ ಬೇಕಾಗುತ್ತದೆ. ಅದಕ್ಕೇ ಗ್ಲೌಸ್ ಮರೆಯಬೇಡಿ. ಅಂಗಡಿಯಲ್ಲಿ ‘ರುಕವಿತ್ಸೆ’ ಅಂತ ಕೇಳಿ.