ಶಿಯೊಂಗ್ನು ಒಕ್ಕೂಟ ಮುರಿದದ್ದು ಹೇಗೆ: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಚೀನಾದ ಹಾನ್ ವಂಶದ ಚಕ್ರವರ್ತಿ ವೂ ನಡೆಸಿದ ದಂಡಯಾತ್ರೆಗಳೇ, ಚೀನಾದ ಉತ್ತರದ ಹುಲ್ಲುಗಾವಲುಗಳ ಅಲೆಮಾರಿ ಬುಡಕಟ್ಟುಗಳ ಕೂಟವಾದ ಶಿಯೊಂಗ್ನು ಒಕ್ಕೂಟವನ್ನು ಕೊನೆಗಾಣಿಸಿದವೇ ಎಂದು ತಾವು ಕೇಳಿದ್ದೀರಿ. ಆ ಯುದ್ಧಗಳು ಅದನ್ನು ಬಹಳವಾಗಿ ಬಳಲಿಸಿದವು, ನಿಜ. ಆದರೆ ಅದನ್ನು ಒಡೆದದ್ದು ದಾಯಾದಿ ಕಲಹವೆಂದೇ ನನ್ನ ದೃಢವಾದ ಅಭಿಪ್ರಾಯ.

ಕ್ರಿ.ಪೂ. 209ರಲ್ಲಿ ತಂದೆಯನ್ನು ಕೊಂದು ಶಿಯೊಂಗ್ನು ಪಟ್ಟವೇರಿದ ಮೋಡು, ಸಿಳ್ಳೆಯಂತೆ ಸದ್ದು ಮಾಡುವ ತನ್ನ ಬಾಣ ಎತ್ತ ಹಾರಿದರೂ ಸವಾರರೆಲ್ಲ ಅತ್ತಲೇ ಬಾಣ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದ್ದನೆಂದೂ, ತನ್ನ ಮೆಚ್ಚಿನ ಕುದುರೆಗೇ ಗುರಿಯಿಟ್ಟಾಗ ಹಿಂಜರಿದವರ ತಲೆ ತೆಗೆಸಿದನೆಂದೂ ಚೀನೀ ದಾಖಲೆಗಳು ಹೇಳುತ್ತವೆ. ಕ್ರಿ.ಪೂ. 200ರಲ್ಲಿ ಅವನು ಹಾನ್ ಚಕ್ರವರ್ತಿ ಗಾವೊಜೂವನ್ನು ಬೈದೆಂಗ್‌ನಲ್ಲಿ ಏಳು ದಿನ ಮುತ್ತಿದ ಮೇಲೆ, ಹಾನ್ ಆಸ್ಥಾನವು ವರ್ಷವರ್ಷವೂ ರೇಷ್ಮೆ, ಮದ್ಯ, ಧಾನ್ಯಗಳನ್ನು ಕಳುಹಿಸತೊಡಗಿತು. ಮರ್ಮವಿರುವುದು ಇಲ್ಲಿಯೇ: ತಮ್ಮ ಮಂದೆಯೊಡನೆ ಯಾವಾಗ ಬೇಕಾದರೂ ಗುಳೆ ಹೋಗಬಲ್ಲ ನಾಯಕರನ್ನು ಒಟ್ಟಿಗೆ ಹಿಡಿದಿಡಲು ದೊರೆಯಾದ ಚಾನ್ಯುವಿಗೆ ಹಂಚಲು ಇಂತಹ ಸರಕು ಬೇಕಿತ್ತು.

ಕ್ರಿ.ಪೂ. 119ರಲ್ಲಿ ವೂನ ಪಡೆಗಳ ಎದುರು ಉಂಡ ದೊಡ್ಡ ಸೋಲಿನ ಬಳಿಕವೂ ಒಕ್ಕೂಟ ಉಳಿದಿತ್ತು ಎಂಬುದನ್ನು ಗಮನಿಸಬೇಕು. ಕ್ರಿ.ಪೂ. 57ರಲ್ಲಿ ಐವರು ಏಕಕಾಲಕ್ಕೆ ಚಾನ್ಯು ಪಟ್ಟಕ್ಕೆ ಹೊಡೆದಾಡಿದರು. ಅಣ್ಣ ಝಿಝಿಯ ಎದುರು ಸೋತ ಹುಹಾನ್ಯೆ ಕ್ರಿ.ಪೂ. 51ರಲ್ಲಿ ಹಾನ್ ಆಸ್ಥಾನಕ್ಕೆ ಹೋಗಿ ತಲೆಬಾಗಿದನು. ಶಿಯೊಂಗ್ನುಗಳು ಮುಂದೆ ಮತ್ತೆ ಒಂದಾದರೂ, ಬರ ಮತ್ತು ಮಿಡತೆಯ ಹಾವಳಿಯ ಬೆನ್ನಿಗೇ ಕ್ರಿ.ಶ. 48ರಲ್ಲಿ ಉತ್ತರ–ದಕ್ಷಿಣವೆಂದು ಒಡೆದರು. ಕ್ರಿ.ಶ. 89ರಲ್ಲಿ ಉತ್ತರದವರನ್ನು ಬಗ್ಗುಬಡಿದ ಹಾನ್ ಸೇನಾನಿ ದೌ ಶಿಯಾನ್‌ನ ಪಡೆಯಲ್ಲಿ ದಕ್ಷಿಣ ಶಿಯೊಂಗ್ನು ಸವಾರರೇ ದೊಡ್ಡ ಸಂಖ್ಯೆಯಲ್ಲಿದ್ದರು. ಆ ವಿಜಯದ ಬಂಡೆಶಾಸನವು ಮಂಗೋಲಿಯಾದಲ್ಲಿರುವುದನ್ನು 2017ರಲ್ಲಿ ವಿದ್ವಾಂಸರು ಗುರುತಿಸಿದ್ದಾರೆ.