ತಮ್ಮ ಮನೆಗೆ ಬಂದ, ಜಗಳ ಇನ್ನೂ ಬಂದಿಲ್ಲ

ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆವು. ಶಿರಸಿ ಕಡೆಯ ಅಡಿಕೆ ತೋಟದ ಮನೆ. 2009ರಲ್ಲಿ ಆಸ್ತಿ ವಿಚಾರಕ್ಕೆ ಮುನಿಸಿಕೊಂಡು ಹೋದ ತಮ್ಮ, ಅಪ್ಪ ಹಾಸಿಗೆ ಹಿಡಿದ ಸುದ್ದಿ ಕೇಳಿ 2023ರ ಜುಲೈಯಲ್ಲಿ ವಾಪಸ್ ಬರುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ತಿದ್ದಿದರೆ ಮತ್ತೆ ಓದುತ್ತೇವೆ.

ಮೊದಲ 40 ಪುಟ ರಾತ್ರಿ ಬಸ್ಸಿನಲ್ಲೇ ಕಳೆಯುತ್ತದೆ. ಜಗಳದ ಕಾರಣ ತಿಳಿಯುವುದು 190ನೇ ಪುಟಕ್ಕೆ. ಮನೆಮಂದಿಗೆಲ್ಲ ಗೊತ್ತಿರುವುದನ್ನು ಓದುಗರಿಂದ ಮಾತ್ರ ಮುಚ್ಚಿಟ್ಟರೆ ಅದು ಕುತೂಹಲ ಹುಟ್ಟಿಸುವುದಿಲ್ಲ, ಸತಾಯಿಸುತ್ತದೆ. ಬಸ್ಸನ್ನು ಎರಡು ಪುಟಕ್ಕೆ ಇಳಿಸಿ, ಕಾರಣವನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ.

ಆದರೆ ಆ ಕಾರಣವೇ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಣ್ಣ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡ, ತಮ್ಮನ ಪಾಲು ಹೋಯಿತು ಎಂದು ಬರೆದಿದ್ದೀರಿ. ಜಮೀನಿನ ಹಕ್ಕು ಹಾಗೆ ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಅಂದರೆ ತಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಾನೇ ಹೋಗಿ, ಹೆಬ್ಬೆಟ್ಟು ಒತ್ತಿ, ಸಹಿ ಮಾಡಿರಬೇಕು. ಹಾಗೆ ಬರೆಯಿರಿ, ಕಾದಂಬರಿಗೆ ಜೀವ ಬರುತ್ತದೆ: ಅವನು ಮೋಸಹೋದವನಲ್ಲ, ಒಪ್ಪಿ ಬಂದು ಆಮೇಲೆ ಉರಿದುಕೊಂಡವನು. ದುಡ್ಡು ಇಸಕೊಂಡನೇ? ಎಷ್ಟು? ಅದಕ್ಕಾಗಿ ಅಣ್ಣ ಸೊಸೈಟಿಯಲ್ಲಿ ಮಾಡಿದ ಸಾಲ ತೀರಿದೆಯೇ?

ತಂಗಿ ಒಂದೇ ಅಧ್ಯಾಯದಲ್ಲಿ ಬಂದು, 'ನನಗೇನು ಪಾಲಿದೆ' ಎಂದು ಅತ್ತು ಹೋಗುತ್ತಾಳೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಅವಳ ಸಹಿ ಯಾರೂ ಕೇಳಿಲ್ಲ. ಇಬ್ಬರು ಅಣ್ಣಂದಿರೂ ಹೆದರಬೇಕಾದದ್ದು ಅವಳಿಗೆ.

ಜುಲೈಯಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಮಾಡಿಸಿದ್ದೀರಿ. ಮಲೆನಾಡಿನ ಓದುಗರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆಗ ನಡೆಯುವುದು ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸುವ ಕೆಲಸ, ಮೊದಲ ಸಲ ಹೊಡೆಸಿದ 40–45 ದಿನಕ್ಕೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಕೂಡಿಸುತ್ತಾರೆ. ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕೂಡಿಸಿದ್ದನ್ನು ಅಂದೇ ಖಾಲಿ ಮಾಡಬೇಕು. ಮಳೆ ಬಿಟ್ಟಿರುವುದು ಅದೊಂದೇ ದಿನ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿರುವುದೂ ಅದೊಂದೇ ದಿನ. ತಮ್ಮ ಆಗ ಅಂಗಳಕ್ಕೆ ಕಾಲಿಡಲಿ. ಅಣ್ಣ ಮಾತಾಡದಿರುವುದಕ್ಕೆ ಸಿಟ್ಟಲ್ಲದೆ ಇನ್ನೊಂದು ನೆಪವೂ ಸಿಗುತ್ತದೆ. ಯಾವುದು ನಿಜವೆಂದು ತಮ್ಮನಿಗೆ ತಿಳಿಯದೇ ಇರಲಿ.

'ನನ್ನನ್ನು ಕ್ಷಮಿಸು ಅಣ್ಣಾ, ನಾನು ಬಹಳ ನೊಂದಿದ್ದೇನೆ' ಧಾರಾವಾಹಿಯ ಮಾತು. ಅದನ್ನು ಹೊಡೆದುಹಾಕಿ. ನೀವೇ 71ನೇ ಪುಟದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿದ್ದೀರಿ: ಅತ್ತಿಗೆ ಅವನನ್ನು 'ಆಸ್ರಿಗೆ ಎಂತ ಬೇಕು?' (ಕುಡಿಯಲು ಏನು ಬೇಕು) ಎಂದು ಕೇಳುತ್ತಾಳೆ. ಮನೆಯವರನ್ನು ಯಾರೂ ಹಾಗೆ ಕೇಳುವುದಿಲ್ಲ, ನೆಂಟರನ್ನು ಕೇಳುತ್ತಾರೆ. ಅದರ ಕೆಳಗೆ ನೀವು ಸೇರಿಸಿರುವ ಆರು ಸಾಲಿನ ವಿವರಣೆ ಬೇಡ.

ಕೊನೆಯ ಅಧ್ಯಾಯದಲ್ಲಿ ಅಪ್ಪ ಇಬ್ಬರ ಕೈ ಕೂಡಿಸಿ ಪ್ರಾಣ ಬಿಡುವುದೂ ಬೇಡ. ಹಕ್ಕು ಬಿಡುಗಡೆ ಪತ್ರಕ್ಕೆ ಸಾಕ್ಷಿ ಹಾಕಿದವರು ಯಾರು ಎಂದು ಎಲ್ಲೂ ಹೇಳಿಲ್ಲ, ಅಪ್ಪನೇ ಯಾಕಾಗಬಾರದು?

ಮೊದಲ ಮೂರು ಅಧ್ಯಾಯ ತಿದ್ದಿ ಕಳಿಸಿ, ಜೊತೆಗೆ ಒಂದು ಪುಟದ ಕಥಾಸಾರ. ಮುನ್ನುಡಿ ಈಗ ಬೇಡ.