ಸರ್ಕಾರ ದುಡ್ಡು ಕೊಟ್ಟರೆ ಊರಿನ ಜನ ನಿಜಕ್ಕೂ ಆಟಕ್ಕೆ ಬರುತ್ತಾರಾ?

ಬರುತ್ತಾರೆ. ಆದರೆ ಆ ದುಡ್ಡು ಮನೆ ಹತ್ತಿರದ ಮೈದಾನಕ್ಕೆ ಬಿದ್ದರೇ ಜಾಸ್ತಿ ಜನ ಬರುವುದು.

ಕಾರಣ ದೂರ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣ ಸ್ಮಾರ್ಟ್ ಸಿಟಿ ಹಣದಲ್ಲಿ ಹೊಸದಾಯಿತು. ನಗರದ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಪಾವಗಡದ ಹುಡುಗಿಗೆ ಅದು ಸುಮಾರು 100 ಕಿ.ಮೀ. ದೂರ. ಶಾಲೆ ಬಿಟ್ಟ ಮೇಲೆ ಹೋಗಿ ಬರೋಕೆ ಆಗಲ್ಲ ಅಲ್ವಾ? ಅವಳಿಗೆ ಬೇಕಿರುವುದು ಶಾಲೆ ಹಿಂದೆಯೇ ಒಂದು ಕಬಡ್ಡಿ ಅಂಕಣ. ಕಲ್ಲು ಆರಿಸಿ, ಮಣ್ಣು ಹಾಕಿ, ನೀರು ಚಿಮುಕಿಸಿ ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದರೆ ಆಯಿತು. 13 ಮೀಟರ್ ಉದ್ದ, 10 ಮೀಟರ್ ಅಗಲ ಇದ್ದರೆ ದೊಡ್ಡವರ ಪಂದ್ಯಕ್ಕೂ ಸಾಕು.

ನರೇಗಾ ಹಣ ಕೆಲಸಕ್ಕೆ ಬಂದದ್ದು ಇಲ್ಲೇ. ಮೈದಾನ ಅಂದರೆ ಹೆಚ್ಚಾಗಿ ಮಣ್ಣಿನ ಕೆಲಸ, ಕೂಲಿಯ ಖರ್ಚು. ಹಾಗಾಗಿ ಗ್ರಾಮ ಪಂಚಾಯಿತಿಗಳು ಊರಿನವರಿಗೇ ಕೂಲಿ ಕೊಟ್ಟು ಶಾಲೆಯ ಮೈದಾನ ಮಾಡಿಸಲು ಆಯಿತು. ತಾವೇ ಅಗೆದು ಹದ ಮಾಡಿದ ಜಾಗವನ್ನು ಜನ ಸುಮ್ನೆ ಪಾಳು ಬಿಡುವುದಿಲ್ಲ.

ಆಡುವವರಿಗೆ ಒಂದು ಗುರಿಯೂ ಬೇಕು. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗಿ ಜಿಲ್ಲೆ, ವಿಭಾಗ ದಾಟಿ ಮೈಸೂರಿಗೆ ಹೋಗುತ್ತದೆ. ತಾಲ್ಲೂಕು ಪಂದ್ಯ ಹತ್ತಿರ ಬಂತು ಅಂದರೆ ತಂಡ ತಾನಾಗಿ ಕೂಡುತ್ತದೆ.

ನನ್ನ ಪ್ರಕಾರ ಇನ್ನೂ ಹೆಚ್ಚು ಹಣ ಬೇಕಿರುವುದು ಕೋಚ್‌ಗಳಿಗೆ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಕೇಂದ್ರಗಳಲ್ಲಿ ಮಾಜಿ ಆಟಗಾರರಿಗೆ ಸಂಬಳ ಕೊಟ್ಟು ಕಲಿಸಲು ನೇಮಿಸುತ್ತಾರೆ. ದಿನಾ ಸಂಜೆ ಕಾಯುವ ಒಬ್ಬರು ಅಲ್ಲಿದ್ದರೆ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರಿಗೂ ಧೈರ್ಯ ಬರುತ್ತದೆ.